ಸಾಲದ ಮೋಟಾರುಸೈಕಲ್ಲು, ವಿಮೆಯ ಕಾಗದ

(ಘಾಟ್ಕೋಪರಿನಲ್ಲಿ ನಮ್ಮ ಸಂಘದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸು, ರಜೆ, ಪ್ರಾವಿಡೆಂಟ್ ಫಂಡು, ಇವುಗಳ ಕುರಿತು ಈ ಕೂಟದಲ್ಲಿ ನಾವು ಎಷ್ಟೋ ಸಲ ಮಾತಾಡಿದ್ದೇವೆ. ಇಂದಿನ ವಿಷಯ ನೋಡಲಿಕ್ಕೆ ಚಿಕ್ಕದು. ಸಾಲದಲ್ಲಿ ಕೊಂಡ ಮೋಟಾರುಸೈಕಲ್ಲಿಗೆ ವಿಮೆ ಮಾಡಿಸುವ ಬಗೆ, ಇಷ್ಟೇ. ಆದರೆ ಈ ಚಿಕ್ಕ ವಿಷಯದಲ್ಲಿ ಎಚ್ಚರ ತಪ್ಪಿ ನಮ್ಮ ಹುಡುಗನೊಬ್ಬ ಇಲ್ಲದ ಗಾಡಿಗೆ ಎರಡು ವರ್ಷದ ಹತ್ತಿರ ಕಂತು ಕಟ್ಟಬೇಕಾಯಿತು. ಆದುದರಿಂದ ಇದನ್ನು ಇಂದು ಎತ್ತಿಕೊಂಡಿದ್ದೇವೆ.

ಗಾಡಿ ಕೊಳ್ಳುವುದು ಬರಿಯ ಶೋಕಿ ಎಂದು ನಮ್ಮ ಹಿರಿಯರಲ್ಲಿ ಕೆಲವರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಹೋಟೆಲಿನ ಶಟರು ಎಳೆದು, ಅಡಿಗೆಮನೆ ತೊಳೆದು, ಗಲ್ಲಾದ ಲೆಕ್ಕ ಒಪ್ಪಿಸಿ ಹೊರಬೀಳುವಾಗ ನಡುರಾತ್ರಿ ಆಗಿರುತ್ತದೆ. ಕೊನೆಯ ಲೋಕಲು ತಪ್ಪಿದರೆ ಬೆಳಗಿನ ಮೊದಲ ಲೋಕಲಿನ ತನಕ ಪ್ಲಾಟ್‌ಫಾರ್ಮೇ ಗತಿ. 2014ರಲ್ಲಿ ಘಾಟ್ಕೋಪರಿಗೆ ಮೆಟ್ರೋ ಬಂತು, ಅನುಕೂಲವಾಯಿತು; ಆದರೆ ಅದೂ ರಾತ್ರಿ ನಿಲ್ಲುತ್ತದೆ. ನಸುಕಿನಲ್ಲೇ ಇಡ್ಲಿಯ ಒಲೆ ಹೊತ್ತಿಸಬೇಕಾದವನಿಗೆ ಗಾಡಿ ಎಂದರೆ ಎರಡು ಗಂಟೆಯ ನಿದ್ರೆ. ಆದುದರಿಂದ ಗಾಡಿ ಬೇಡವೆನ್ನಲು ನಾವು ಇಲ್ಲಿ ನಿಂತಿಲ್ಲ. ಕೊಳ್ಳುವವನು ಯಾವ ಕಾಗದಕ್ಕೆ ಸಹಿ ಹಾಕುತ್ತಿದ್ದೇನೆ ಎಂಬುದನ್ನು ತಿಳಿದು ಹಾಕಲಿ ಎಂಬುದಷ್ಟೇ ನಮ್ಮ ಕೋರಿಕೆ.

ಮೊದಲನೆಯ ಪ್ರಶ್ನೆ: ಗಾಡಿ ಯಾರದು? ಅಂಗಡಿಯವನು ಹಾರ ಹಾಕಿ, ಬೀಗದಕೈ ಕೈಗಿತ್ತು, ಫೋಟೋ ತೆಗೆದ ಮಾತ್ರಕ್ಕೆ ಅದು ನಮ್ಮದಾಗಿಬಿಡಲಿಲ್ಲ. ಆರ್.ಸಿ. ಪುಸ್ತಕವನ್ನು ತೆರೆದು ನೋಡಿ. ನಿಮ್ಮ ಹೆಸರಿನ ಜೊತೆಗೆ ಸಾಲ ಕೊಟ್ಟ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರೂ ಅಲ್ಲಿರುತ್ತದೆ. ಇದಕ್ಕೆ ಹೈಪೋಥಿಕೇಶನ್ ಎನ್ನುತ್ತಾರೆ. ಗಾಡಿ ನಿಮ್ಮ ಕೈಯಲ್ಲಿದ್ದರೂ ಸಾಲ ತೀರುವ ತನಕ ಅದು ಅಡವಿನ ವಸ್ತು. ವಿಮೆಯ ಪಾಲಿಸಿಯಲ್ಲಿಯೂ ಅದೇ ಹೆಸರು ಬರೆದಿರುತ್ತದೆ. ಗಾಡಿ ಕಳುವಾದರೆ ಅಥವಾ ಪೂರ್ತಿ ನಾಶವಾದರೆ ವಿಮೆಯ ಹಣ ಮೊದಲು ಸಾಲ ಕೊಟ್ಟವರಿಗೆ ಹೋಗುತ್ತದೆ. ಅವರ ಬಾಕಿ ತೀರಿ ಉಳಿದದ್ದು ನಮಗೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಇದರ ಇನ್ನೊಂದು ಮುಖವನ್ನು ಮರೆಯಬಾರದು. ವಿಮೆಯ ಹಣ ಬಾರದೆ ಹೋದರೆ ಗಾಡಿ ಹೋಯಿತೆಂದು ಸಾಲ ಹೋಗುವುದಿಲ್ಲ. ಕಂತು ತಿಂಗಳು ತಿಂಗಳು ಬಂದೇ ಬರುತ್ತದೆ.

ಎರಡನೆಯ ಪ್ರಶ್ನೆ: ವಿಮೆ ಯಾರನ್ನು ಕಾಪಾಡುತ್ತದೆ? ಹೊಸ ಗಾಡಿಯ ಪಾಲಿಸಿ ಒಂದೇ ಕಾಗದದಂತೆ ಕಂಡರೂ ಅದರಲ್ಲಿ ಮೂರು ಭಾಗಗಳಿವೆ. ಇವನ್ನು ಬೇರೆ ಬೇರೆಯಾಗಿ ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ.

ಒಂದನೆಯದು ಥರ್ಡ್ ಪಾರ್ಟಿ. ನಮ್ಮ ಗಾಡಿಯಿಂದ ದಾರಿಹೋಕನಿಗೆ ಪೆಟ್ಟಾದರೆ, ಜೀವ ಹೋದರೆ, ಅವನಿಗೆ ಅಥವಾ ಅವನ ಮನೆಯವರಿಗೆ ಪರಿಹಾರ ಕೊಡುವ ವಿಮೆ ಇದು. ನಮ್ಮ ದೇಶದಲ್ಲಿ 1946ರಿಂದ ಇದು ಕಡ್ಡಾಯ. ಈಗ 1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮು ಇದನ್ನು ವಿಧಿಸುತ್ತದೆ. ಇದಿಲ್ಲದೆ ರಸ್ತೆಗಿಳಿದರೆ 2019ರ ತಿದ್ದುಪಡಿಯಂತೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000. ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಇದನ್ನು ಒಮ್ಮೆಗೇ ಐದು ವರ್ಷಕ್ಕೆ ಮಾಡಿಸಬೇಕು. ಇದರ ದರವನ್ನು ಸರಕಾರವೇ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿ.ಸಿ.ಯ ಹೊಸ ಗಾಡಿಗೆ ಐದು ವರ್ಷಕ್ಕೆ 3,851 ರೂಪಾಯಿ, 150ರಿಂದ 350 ಸಿ.ಸಿ.ಗೆ 7,365 ರೂಪಾಯಿ ಎಂದಿತ್ತು. ಇದರ ಮೇಲೆ ತೆರಿಗೆ ಬೇರೆ. ಅಂಗಡಿಯವನು "ನಮ್ಮಲ್ಲಿ ಥರ್ಡ್ ಪಾರ್ಟಿ ಅಗ್ಗ" ಎಂದರೆ ನಂಬಬೇಡಿ. ಆ ದರ ಎಲ್ಲ ಕಂಪೆನಿಗಳಿಗೂ ಒಂದೇ.

ಎರಡನೆಯದು ಓನ್ ಡ್ಯಾಮೇಜು, ಅಂದರೆ ನಮ್ಮ ಗಾಡಿಗಾಗುವ ಹಾನಿಯ ವಿಮೆ. ಅಪಘಾತ, ಕಳ್ಳತನ, ಬೆಂಕಿ, ನೆರೆ, ಬಿರುಗಾಳಿ, ದಂಗೆ, ಇವೆಲ್ಲ ಇದರಲ್ಲಿ ಬರುತ್ತವೆ. ಇದನ್ನು ಕಾಯಿದೆ ಕಡ್ಡಾಯ ಮಾಡಿಲ್ಲ. ಆದರೆ ಸಾಲ ಕೊಡುವವರು ತಮ್ಮ ಕರಾರಿನಲ್ಲಿ ಸಾಮಾನ್ಯವಾಗಿ ಇದನ್ನು ಕೇಳುತ್ತಾರೆ. ಇದರ ದರ ಕಂಪೆನಿಯಿಂದ ಕಂಪೆನಿಗೆ ಬೇರೆ; ನಾಲ್ಕು ಕಡೆ ವಿಚಾರಿಸಿ ಕೊಳ್ಳಬಹುದು. ಗಾಡಿ ಕೊಂಡ ಅಂಗಡಿಯಲ್ಲೇ ವಿಮೆಯನ್ನೂ ಕೊಳ್ಳಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ.

ಮೂರನೆಯದು ಮಾಲಿಕ-ಚಾಲಕನ ಅಪಘಾತ ವಿಮೆ. ಗಾಡಿಯ ಒಡೆಯನೇ ಗಾಡಿ ನಡೆಸುವಾಗ ಮೃತನಾದರೆ ಮನೆಯವರಿಗೆ 15 ಲಕ್ಷ ರೂಪಾಯಿ. ಎರಡು ಕೈಕಾಲು ಅಥವಾ ಎರಡು ಕಣ್ಣು ಹೋದರೆ ಪೂರ್ತಿ ಮೊತ್ತ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಹೋದರೆ ಅರ್ಧ. ಮೊದಲು ದ್ವಿಚಕ್ರ ವಾಹನಕ್ಕೆ ಇದು ಒಂದೇ ಲಕ್ಷವಿತ್ತು. 2018ರಲ್ಲಿ ಹದಿನೈದಕ್ಕೆ ಏರಿತು. ಆಸ್ಪತ್ರೆಯ ಖರ್ಚನ್ನು ಇದು ಕೊಡುವುದಿಲ್ಲ ಎಂಬುದನ್ನೂ ನೆನಪಿಡಿ.

ಈಗ ನಮ್ಮ ಹುಡುಗನ ಕಥೆಗೆ ಬರೋಣ. ಹೆಸರು ಬೇಡ. ಪಾಲಿಸಿಯಲ್ಲಿ "ಐದು ವರ್ಷ" ಎಂದು ಬರೆದದ್ದನ್ನು ನೋಡಿ ಅವನು ಐದು ವರ್ಷ ಚಿಂತೆಯಿಲ್ಲ ಎಂದುಕೊಂಡ. ಐದು ವರ್ಷವಿದ್ದದ್ದು ಥರ್ಡ್ ಪಾರ್ಟಿಗೆ ಮಾತ್ರ. ಅದರ ಪಕ್ಕದ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಓನ್ ಡ್ಯಾಮೇಜಿಗೆ ಬೇರೆ ದಿನಾಂಕವಿತ್ತು: ಒಂದೇ ವರ್ಷ. ನವೀಕರಿಸಿ ಎಂಬ ಸಂದೇಶ ಅವನಿಗೆ ಬರಲಿಲ್ಲ. ಏಕೆಂದರೆ ಪಾಲಿಸಿಯಲ್ಲಿ ಬರೆದ ಫೋನ್ ನಂಬರು ಅವನದಾಗಿರಲಿಲ್ಲ, ಕೊಡಿಸಿದ ಏಜೆಂಟನದು. ಹದಿನಾಲ್ಕನೆಯ ತಿಂಗಳಲ್ಲಿ ಒಂದು ರಾತ್ರಿ ಚಾಳಿನ ಮುಂದೆ ನಿಲ್ಲಿಸಿದ ಗಾಡಿ ಬೆಳಿಗ್ಗೆ ಇರಲಿಲ್ಲ. ಪೋಲೀಸು ಠಾಣೆಯಲ್ಲಿ ಫಿರ್ಯಾದು ಬರೆಸಿ ವಿಮೆಯ ಕಚೇರಿಗೆ ಹೋದಾಗ ಅಲ್ಲಿಯ ಗುಮಾಸ್ತರು ದಿನಾಂಕದ ಮೇಲೆ ಬೆರಳಿಟ್ಟು ತೋರಿಸಿದರು. ಅವರ ತಪ್ಪೇನಿರಲಿಲ್ಲ.

ಇದರ ಭಾರ ಎಷ್ಟೆಂದು ದುಂಡು ಅಂಕಿ ಹಿಡಿದು ಲೆಕ್ಕ ಹಾಕೋಣ. 80,000 ರೂಪಾಯಿ ಸಾಲ, ವರ್ಷಕ್ಕೆ ಶೇಕಡಾ 12 ಬಡ್ಡಿ, 36 ಕಂತು ಎಂದಾದರೆ ತಿಂಗಳ ಕಂತು ಸುಮಾರು 2,657 ರೂಪಾಯಿ. ಹದಿನಾಲ್ಕು ಕಂತು ಕಟ್ಟಿದ ಮೇಲೆ ಅಸಲು ಬಾಕಿ ಸುಮಾರು 52,200. ಗಾಡಿಯ ಬೆಲೆ 85,000 ಎಂದಿಟ್ಟುಕೊಳ್ಳಿ. ಎರಡನೆಯ ವರ್ಷದ ವಿಮೆಯಲ್ಲಿ ಸವಕಳಿ ಶೇಕಡಾ 20 ಕಳೆದು ಗಾಡಿಗೆ ಹಿಡಿಯುವ ಬೆಲೆ 68,000. ಐಡಿವಿ ಎಂದು ಪಾಲಿಸಿಯಲ್ಲಿ ಬರೆಯುವುದು ಇದನ್ನೇ. ಓನ್ ಡ್ಯಾಮೇಜು ಜೀವಂತವಿದ್ದಿದ್ದರೆ ಆ 68,000ದಲ್ಲಿ ಬ್ಯಾಂಕಿನ ಬಾಕಿ ತೀರಿ, ಸಣ್ಣಪುಟ್ಟ ಕಡಿತ ಹೋಗಿ, ಕೈಗೆ ಹದಿನೈದು ಸಾವಿರದ ಸುತ್ತ ಬರುತ್ತಿತ್ತು. ಅದು ಸತ್ತಿದ್ದರಿಂದ ಇಲ್ಲದ ಗಾಡಿಗೆ ಇನ್ನು 22 ಕಂತು, ಅಂದರೆ 58,000 ರೂಪಾಯಿಗೆ ಮೇಲ್ಪಟ್ಟು ಕಟ್ಟಬೇಕು. ಊರಿನಲ್ಲಿ ತಂಗಿಯ ಮದುವೆಗೆಂದು ಕೂಡಿಸುತ್ತಿದ್ದ ಹಣ ಹೀಗೆ ಹೋಯಿತು. 1982ರ ಗಿರಣಿ ಮುಷ್ಕರದ ಕಾಲದಲ್ಲಿ ಸಂಬಳವಿಲ್ಲದೆ ಬಡ್ಡಿ ಕಟ್ಟಿದ ಮನೆಗಳು ನಮ್ಮಲ್ಲಿವೆ. ಕೈಯಲ್ಲಿಲ್ಲದ ವಸ್ತುವಿಗೆ ಸಾಲ ತೀರಿಸುವ ಸಂಕಟ ಏನೆಂದು ಅವರಿಗೆ ಹೇಳಬೇಕಾಗಿಲ್ಲ.

"ಗಾಡಿಯನ್ನು ಜೋಪಾನವಾಗಿ ಓಡಿಸುತ್ತೇನೆ, ನನಗೇಕೆ ಓನ್ ಡ್ಯಾಮೇಜು?" ಎಂದು ಕೇಳುವವರಿದ್ದಾರೆ. ಅವರು ನಮ್ಮ ಊರಿನ ಸಂಗತಿಯನ್ನೇ ನೆನೆಯಲಿ. 2024ರ ಮೇ 13ರ ಸಂಜೆ ಬಿರುಗಾಳಿಗೆ ಛೇಡಾ ನಗರದ ಪೆಟ್ರೋಲ್ ಪಂಪಿನ ಮೇಲೆ ದೊಡ್ಡ ಜಾಹೀರಾತು ಫಲಕ ಕುಸಿಯಿತು. 17 ಮಂದಿ ಸತ್ತರು. ಸಾಲಾಗಿ ನಿಂತಿದ್ದ ವಾಹನಗಳು ಅದರಡಿಯಲ್ಲಿ ನುಗ್ಗಾದವು. ಅಲ್ಲಿ ಯಾರೂ ವೇಗವಾಗಿ ಓಡಿಸುತ್ತಿರಲಿಲ್ಲ. ಪೆಟ್ರೋಲಿಗೆ ನಿಂತವರು, ಮಳೆಗೆ ನಿಂತವರು. ಇಂಥ ಹಾನಿಗೆ ಬರಿಯ ಥರ್ಡ್ ಪಾರ್ಟಿ ಪಾಲಿಸಿಯಿಂದ ಗಾಡಿಯ ಬಾಬತ್ತು ಒಂದು ಕಾಸೂ ಹುಟ್ಟುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿತ್ತು. ಆ ದಿನ ನೀರಿನಲ್ಲಿ ನಿಂತ ಗಾಡಿಗಳನ್ನು ಕಂಡವರು ಈ ಕೂಟದಲ್ಲಿದ್ದಾರೆ. ನೆರೆಯ ಹಾನಿ ಓನ್ ಡ್ಯಾಮೇಜಿನಲ್ಲಿ ಬರುತ್ತದೆ. ಆದರೆ ನೀರು ಹೊಕ್ಕ ಇಂಜಿನ್ನನ್ನು ನೀವೇ ಕಿಕ್ ಹೊಡೆದು ಚಾಲೂ ಮಾಡಿ ಕೆಡಿಸಿದರೆ ಕಂಪೆನಿ ಕೈ ಎತ್ತಬಹುದು. ಗಾಡಿಯನ್ನು ತಳ್ಳಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.

ಮೂರನೆಯ ಪ್ರಶ್ನೆ: ಕಾಗದ ಯಾರ ಹೆಸರಿನಲ್ಲಿದೆ? ಇದು ನಮ್ಮವರಿಗೆ ಬಹಳ ಮುಖ್ಯ. ಹೋಟೆಲಿನಲ್ಲಿ ದುಡಿಯುವ ಎಷ್ಟೋ ಹುಡುಗರಿಗೆ ಸಂಬಳದ ಚೀಟಿ ಇಲ್ಲ. ಚೀಟಿ ಇಲ್ಲದವನಿಗೆ ಸಾಲ ಸಿಗುವುದು ಕಷ್ಟ. ಆಗ ಅಣ್ಣನ ಹೆಸರಿನಲ್ಲೋ, ಮಾವನ ಹೆಸರಿನಲ್ಲೋ ಸಾಲ ಎತ್ತುತ್ತಾರೆ; ಗಾಡಿಯೂ ಅವರ ಹೆಸರಿನಲ್ಲೇ ದಾಖಲಾಗುತ್ತದೆ. ಓಡಿಸುವವನು ಮಾತ್ರ ತಮ್ಮ. ಆ 15 ಲಕ್ಷದ ವಿಮೆ ಗಾಡಿಯ ಮಾಲಿಕನಿಗೆ, ಅದೂ ಅವನ ಬಳಿ ಸರಿಯಾದ ಲೈಸೆನ್ಸು ಇದ್ದರೆ ಮಾತ್ರ. ಓಡಿಸುತ್ತಿದ್ದ ತಮ್ಮನಿಗೆ ಅದು ಸಲ್ಲುವುದಿಲ್ಲ.

ಇದು ಬರಿಯ ಮಾತಲ್ಲ. ನಮ್ಮ ಕನ್ನಡನಾಡಿನದೇ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಒಬ್ಬಾತ ಬೇರೆಯವರಿಂದ ಮೋಟಾರುಸೈಕಲ್ಲು ಪಡೆದು ಇಳಕಲ್ಲಿನಿಂದ ಗೂಡೂರಿಗೆ ಹೊರಟಿದ್ದ. ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ತಟ್ಟನೆ ನಿಂತಿತು; ಅದಕ್ಕೆ ಬಡಿದು ಅವನು ಸತ್ತ. ಮನೆಯವರು ವಿಮೆಯ ಕಂಪೆನಿಯಿಂದ ಪರಿಹಾರ ಕೇಳಿದರು. ಗಾಡಿಯನ್ನು ಕೇಳಿ ಪಡೆದು ಓಡಿಸುವವನು ಮಾಲಿಕನ ಜಾಗದಲ್ಲಿ ನಿಲ್ಲುತ್ತಾನೆ, ಆದುದರಿಂದ ಮನೆಯವರು ನೆಚ್ಚಿದ್ದ 163-ಎ ಕಲಮಿನಡಿ ಪರಿಹಾರ ಸಿಗದು ಎಂದು 2009ರಲ್ಲಿ ಕೋರ್ಟು ಹೇಳಿತು. ಬೇರೆ ಕಲಮಿನಡಿ ಏನಾದರೂ ಸಿಗುವುದೋ ನೋಡಿ ಎಂದು ಮೊಕದ್ದಮೆಯನ್ನು ಹೈಕೋರ್ಟಿಗೆ ಮರಳಿ ಕಳುಹಿಸಿತು. ಮನೆಯ ಗಂಡಸನ್ನು ಕಳಕೊಂಡವರಿಗೆ ಇದೆಷ್ಟು ವರ್ಷದ ಅಲೆದಾಟ ಎಂಬುದನ್ನು ಯೋಚಿಸಿರಿ.

ಆದುದರಿಂದ ಸಾಧ್ಯವಿದ್ದ ಮಟ್ಟಿಗೆ ಗಾಡಿಯೂ ಸಾಲವೂ ಓಡಿಸುವವನ ಹೆಸರಿನಲ್ಲೇ ಇರಲಿ. ಅದಾಗದಿದ್ದರೆ ಓಡಿಸುವ ಹುಡುಗನ ಹೆಸರಿನಲ್ಲಿ ಬೇರೆಯಾಗಿ ಒಂದು ಅಪಘಾತ ವಿಮೆ ಮಾಡಿಸಿರಿ. ಸಂಬಳದ ಚೀಟಿ ಕೊಡಿ ಎಂದು ಮಾಲಿಕರನ್ನು ಕೇಳುವುದು ನಮ್ಮ ಹಕ್ಕಿನ ಮಾತು. ಅದಕ್ಕೆ ಸಂಘ ನಿಮ್ಮ ಬೆನ್ನಿಗಿದೆ.

ಇನ್ನು ಹೊಸದಾಗಿ ಗಾಡಿ ಕಲಿಯುವವರಿಗೆ ಕೆಲವು ಮಾತು. ಲೈಸೆನ್ಸು ಇಲ್ಲದವನ ಕೈಯಲ್ಲಿ ಪಾಲಿಸಿ ಅರ್ಧ ಸತ್ತಂತೆ. ಅವನಿಂದ ಯಾರಿಗಾದರೂ ಪೆಟ್ಟಾದರೆ, ಮೊದಲು ಕಂಪೆನಿಯೇ ಗಾಯಾಳುವಿಗೆ ಹಣ ಕೊಡಲಿ, ಆ ಮೇಲೆ ಗಾಡಿಯ ಮಾಲಿಕನಿಂದ ವಸೂಲು ಮಾಡಲಿ ಎಂದು ನ್ಯಾಯಾಲಯಗಳು ಆಜ್ಞೆ ಮಾಡುವುದುಂಟು. ಅಂದರೆ ಹೊರೆ ಕೊನೆಗೆ ನಮ್ಮ ತಲೆಗೇ. ಲರ್ನರ್ ಲೈಸೆನ್ಸು ಇದ್ದವನು ನಿಯಮದಂತೆ ಗಾಡಿಯ ಹಿಂದೆ ಮುಂದೆ 'ಎಲ್' ಗುರುತು ಹಾಕಿರಬೇಕು; ಕಲಿಸುವವನ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಬಾರದು. ಕೆಲಸ ಬಿಟ್ಟು ಬರುವಾಗ ಗೆಳೆಯನನ್ನು ಹತ್ತಿಸಿಕೊಂಡು ಬಂದರೆ, ಪಾಲಿಸಿಯ ಷರತ್ತು ಅಲ್ಲಿಗೆ ಮುರಿಯಿತು. ಲರ್ನರ್ ದೊರೆತು 30 ದಿನ ಕಳೆದರೆ ಪಕ್ಕಾ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಆರು ತಿಂಗಳು ಅದು ನಡೆಯುತ್ತದೆಂದು ಕಾಯುತ್ತ ಕೂರಬೇಡಿ. ನಮ್ಮ ಘಾಟ್ಕೋಪರಿನವರಿಗೆ ವಡಾಲಾದ ಆರ್.ಟಿ.ಓ. ಕಚೇರಿ, ಅಲ್ಲಿಗೆ ಒಂದು ದಿನದ ರಜೆ ಹೋದರೆ ಹೋಗಲಿ.

ಹಿಂದೆ ಕುಳಿತವನ ಮಾತು ಇನ್ನೂ ಒಂದಿದೆ. ಬರಿಯ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ದ್ವಿಚಕ್ರದ ಹಿಂದೆ ಕುಳಿತವನಿಗೆ ರಕ್ಷೆ ಇಲ್ಲವೆಂದು ಸುಪ್ರೀಂ ಕೋರ್ಟು 2006ರಲ್ಲಿ ತೀರ್ಪು ಕೊಟ್ಟಿದೆ. ಓನ್ ಡ್ಯಾಮೇಜೂ ಸೇರಿದ ಪೂರ್ಣ ಪಾಲಿಸಿಯಲ್ಲಿ ಅವನಿಗೆ ರಕ್ಷೆ ಉಂಟು. ಹೆಂಡತಿಯನ್ನು, ತಾಯಿಯನ್ನು ಕೂರಿಸಿಕೊಂಡು ಹೋಗುವವರು ಇದನ್ನು ಮನಸ್ಸಿನಲ್ಲಿಡಬೇಕು.

ಹೋಟೆಲು ಬಂಧುಗಳು ಇದನ್ನು ಕಿವಿಗೊಟ್ಟು ಕೇಳಿ. ಖಾಸಗಿ ಗಾಡಿಯ ಪಾಲಿಸಿಯಲ್ಲಿ ಒಂದು ಷರತ್ತಿದೆ: ಬಾಡಿಗೆಗೆ ಓಡಿಸಬಾರದು, ಸ್ವಂತದ ಸಾಮಾನಲ್ಲದೆ ಬೇರೆ ಸರಕು ಸಾಗಿಸಬಾರದು. ನಮ್ಮವರಲ್ಲಿ ಕೆಲವರು ಸ್ವಂತ ಗಾಡಿಯಲ್ಲಿ ಹೋಟೆಲಿನ ಪಾರ್ಸೆಲು ಮುಟ್ಟಿಸುತ್ತಾರೆ. ಇನ್ನು ಕೆಲವರು ಡ್ಯೂಟಿ ಮುಗಿದ ಮೇಲೆ ಡೆಲಿವರಿ ಕಂಪೆನಿಗಳಿಗೆ ಓಡುತ್ತಾರೆ. ಆ ಹೊತ್ತಿನಲ್ಲಿ ಅಪಘಾತವಾದರೆ ಕಂಪೆನಿ ಈ ಷರತ್ತನ್ನು ಎದುರಿಗೆ ಹಿಡಿಯಬಹುದು. ಇಂಥ ಕೆಲಸ ಮಾಡುವವರು ಅದನ್ನು ಮುಚ್ಚಿಡದೆ ವಿಮೆಯವರಿಗೆ ಮೊದಲೇ ಹೇಳಿ, ಯಾವ ಪಾಲಿಸಿ ಬೇಕೆಂದು ಬರಹದಲ್ಲಿ ಉತ್ತರ ಪಡೆಯಬೇಕು. ಮಾಲಿಕರ ಪಾರ್ಸೆಲು ಹೊರುವ ಗಾಡಿಯ ವಿಮೆಯ ಖರ್ಚನ್ನು ಮಾಲಿಕರು ಹೊರಬೇಕೆಂಬುದು ನಮ್ಮ ಅಭಿಪ್ರಾಯ.

ಕೊಳ್ಳುವ ದಿನ ಅಂಗಡಿಯಲ್ಲಿ ಮಾಡಬೇಕಾದ್ದು ಇಷ್ಟು. ಪಾಲಿಸಿಯಲ್ಲಿ ನಿಮ್ಮ ಹೆಸರು, ಇಂಜಿನ್ ನಂಬರು, ಚಾಸಿ ನಂಬರು, ಸಾಲ ಕೊಟ್ಟವರ ಹೆಸರು, ನಿಮ್ಮದೇ ಫೋನ್ ನಂಬರು, ಇವನ್ನು ಓದಿ ನೋಡಿ. ನಾಮಿನಿ ಎಂದಿರುವಲ್ಲಿ ಖಾಲಿ ಬಿಡಬೇಡಿ. ಮೂರು ಭಾಗಗಳ ಮೂರು ಮುಗಿಯುವ ದಿನಾಂಕಗಳನ್ನು ಬೇರೆ ಬೇರೆ ಬರೆದುಕೊಳ್ಳಿ. ಸಾಲದ ಮೊತ್ತದಲ್ಲಿ ಬೇರೆ ಯಾವುದಾದರೂ ವಿಮೆ ಸೇರಿದೆಯೇ ಎಂದು ಕೇಳಿ. ಸಾಲಗಾರ ಸತ್ತರೆ ಸಾಲ ತೀರಿಸುವ ವಿಮೆ ಎಂದು ಒಂದುಂಟು. ಅದು ಗಾಡಿಯ ವಿಮೆಯಲ್ಲ. ಕೇಳದೆ ಸೇರಿಸಿದ್ದರೆ ತೆಗೆಯಿರಿ ಎನ್ನಲು ಅಂಜಬೇಡಿ. ಓದಲು ತೊಡಕಾದರೆ ಸಹಿ ಹಾಕುವ ಮೊದಲು ಸಂಘಕ್ಕೆ ತನ್ನಿ.

ಅಪಘಾತವಾದರೆ ಮೊದಲು ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿ. ನಮ್ಮಲ್ಲಿ ರಾಜಾವಾಡಿ ಹತ್ತಿರವಿದೆ. ಹೆದರಿ ಓಡಿಹೋಗಬೇಡಿ. ಪೋಲೀಸರಿಗೂ ವಿಮೆಯ ಕಂಪೆನಿಗೂ ಕೂಡಲೆ ತಿಳಿಸಿ. ಕಂಪೆನಿಯ ಸರ್ವೇಯರು ನೋಡುವ ಮೊದಲು ಗಾಡಿ ರಿಪೇರಿ ಮಾಡಿಸಬೇಡಿ. ಕಳುವಾದರೆ ಅದೇ ದಿನ ಎಫ್.ಐ.ಆರ್. ಬರೆಸಿ, ಕಂಪೆನಿಗೂ ಸಾಲ ಕೊಟ್ಟವರಿಗೂ ತಿಳಿಸಿ. ಎರಡೂ ಬೀಗದಕೈ ಜೋಪಾನವಾಗಿರಲಿ, ಕೇಳುತ್ತಾರೆ. ಕ್ಲೇಮು ನಡೆಯುವಾಗ ಕಂತು ನಿಲ್ಲಿಸಬೇಡಿ. ನಿಲ್ಲಿಸಿದರೆ ದಂಡವೂ ಕೆಟ್ಟ ಹೆಸರೂ ನಮಗೇ. ಕಂಪೆನಿ ಅನ್ಯಾಯ ಮಾಡಿತೆಂದು ಕಂಡರೆ ಮೊದಲು ಅವರಿಗೇ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಎಂಬ ಅಧಿಕಾರಿಗೆ ದೂರು ಹಾಕಬಹುದು. ಅವರ ಕಚೇರಿ ಮುಂಬಯಿಯಲ್ಲೇ ಇದೆ. ಫೀಸಿಲ್ಲ, ವಕೀಲರೂ ಬೇಕಿಲ್ಲ.

ಕೊನೆಯ ಕಂತು ಕಟ್ಟಿದ ದಿನ ಸಂತೋಷದ ದಿನ. ಆದರೆ ಅಂದೂ ಒಂದು ಕೆಲಸ ಬಾಕಿ. ಸಾಲ ಕೊಟ್ಟವರಿಂದ ಎನ್.ಓ.ಸಿ.ಯನ್ನೂ ಫಾರ್ಮ್ 35ನ್ನೂ ಪಡೆದು ಆರ್.ಟಿ.ಓ.ದಲ್ಲಿ ಅವರ ಹೆಸರನ್ನು ಆರ್.ಸಿ.ಯಿಂದ ತೆಗೆಸಬೇಕು, ಪಾಲಿಸಿಯಿಂದಲೂ ತೆಗೆಸಬೇಕು. ಆಗ ಗಾಡಿ ನಿಜವಾಗಿ ನಮ್ಮದು.

ಪ್ರೀಮಿಯಮ್ಮಿನ ಹಣ ಒಮ್ಮೆಗೇ ಎಲ್ಲಿಂದ ತರಲಿ ಎಂದು ಕೇಳುವಿರಿ. ನಮ್ಮ ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ; ಬ್ಯಾಂಕಿನ ಮನುಷ್ಯ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದು ಕಲಿಸಿದ ಅಭ್ಯಾಸ ಮಾತ್ರ ನಮ್ಮಲ್ಲಿ ಉಳಿಯಲಿ. ದಿನಕ್ಕೆ ಐದು ರೂಪಾಯಿ ಎತ್ತಿಟ್ಟರೆ ವರ್ಷಕ್ಕೆ 1,825 ರೂಪಾಯಿ. ಸಾಮಾನ್ಯ ಗಾಡಿಯ ಓನ್ ಡ್ಯಾಮೇಜನ್ನು ನವೀಕರಿಸಲು ಅದು ಬಹುಮಟ್ಟಿಗೆ ಸಾಕು. ಒಂದು ಕಟಿಂಗ್ ಚಹಾಕ್ಕೂ ಇಂದು ಅದಕ್ಕಿಂತ ಹೆಚ್ಚು ಕೊಡುತ್ತೇವೆ.

ಬಂಧುಗಳೇ, ಥರ್ಡ್ ಪಾರ್ಟಿ ದಾರಿಹೋಕನನ್ನು ಕಾಯುತ್ತದೆ. ಕರಾರು ಬ್ಯಾಂಕನ್ನು ಕಾಯುತ್ತದೆ. ದುಡಿದು ಕಂತು ಕಟ್ಟುವವನನ್ನು ಕಾಯುವ ಭಾಗವನ್ನು ಅವನೇ ಎಚ್ಚರದಿಂದ ನೋಡಿಕೊಳ್ಳಬೇಕು. ಬರುವ ರವಿವಾರ ಗಾಡಿ ಇರುವವರೆಲ್ಲ ಪಾಲಿಸಿಯನ್ನೂ ಆರ್.ಸಿ.ಯನ್ನೂ ತೆಗೆದುಕೊಂಡು ಬನ್ನಿ. ಜೊತೆಯಲ್ಲಿ ಕುಳಿತು ದಿನಾಂಕಗಳನ್ನು ಓದೋಣ. ಯಾರದಾದರೂ ತೀರಿಹೋಗಿದ್ದರೆ ಮರುದಿನ ಬೆಳಿಗ್ಗೆಯೇ ಮಾಡಿಸೋಣ. ಕಳುವಾದ ಗಾಡಿಗೆ ಕಂತು ಕಟ್ಟುವ ಇನ್ನೊಬ್ಬ ಹುಡುಗ ನಮ್ಮ ನಡುವೆ ಇರಕೂಡದು.